ಮಾದರಿ ಹಡಗು ಕೊಳ್ಳುವಾಗ ಮೊದಲು ದಾರ ನೋಡಿ

ಮನೆಗೆಂದು ಹಾಯಿ ಹಡಗಿನ ಮಾದರಿ ಕೊಳ್ಳಲು ಹೋದವರ ಕಣ್ಣು ಮೊದಲು ಒಡಲಿನ ಮರದ ಹೊಳಪಿಗೆ ಸೋಲುತ್ತದೆ. ಹೊಳಪೇನು, ಎಂಥ ಮರಕ್ಕಾದರೂ ಒಂದು ಡಬ್ಬಿ ವಾರ್ನಿಷ್ ಬಳಿದರೆ ಬಂತು. ಮಾಡಿದವನ ತಾಳ್ಮೆ ಗೊತ್ತಾಗುವುದು ಮೇಲಿನ ದಾರಗಳಲ್ಲಿ. ಹತ್ತು ವರ್ಷದ ನಂತರ ಆ ಹಡಗು ನೆಟ್ಟಗೆ ನಿಂತಿರುತ್ತದೋ ಸೊರಗಿರುತ್ತದೋ ಎಂಬುದೂ ಬಹುಮಟ್ಟಿಗೆ ದಾರದ ಕೈಯಲ್ಲೇ ಇದೆ.

ನಿಜವಾದ ಹಾಯಿ ಹಡಗಿನಲ್ಲಿ ಎರಡು ಬಗೆಯ ಹಗ್ಗಗಳಿರುತ್ತಿದ್ದವು. ಕಂಬಗಳನ್ನು ಎಳೆದು ನಿಲ್ಲಿಸುವ ಕದಲದ ಹಗ್ಗಗಳು ಒಂದು, ಹಾಯಿಗಳನ್ನು ಏರಿಸಿ ಇಳಿಸಿ ತಿರುಗಿಸುವ ಓಡಾಡುವ ಹಗ್ಗಗಳು ಇನ್ನೊಂದು. ಮೊದಲನೆಯವಕ್ಕೆ ಡಾಂಬರು ಬಳಿಯುತ್ತಿದ್ದರು, ಹಾಗಾಗಿ ಅವು ಕಪ್ಪು ಅಥವಾ ಕಡುಕಂದು. ಎರಡನೆಯವು ನಾರಿನದೇ ತಿಳಿ ಬಣ್ಣ. ಒಳ್ಳೆಯ ಮಾದರಿಯಲ್ಲಿ ಈ ಎರಡು ಬಣ್ಣ ಇದ್ದೇ ಇರುತ್ತವೆ. ದಪ್ಪವೂ ಬೇರೆಬೇರೆ ಇರಬೇಕು: 1:100 ಅಳತೆಯಲ್ಲಿ 8 ಸೆಂ.ಮೀ. ದಪ್ಪದ ಹಗ್ಗ 0.8 ಮಿ.ಮೀ. ಆಗುತ್ತದೆ, 2 ಸೆಂ.ಮೀ.ನದು 0.2 ಮಿ.ಮೀ. ಇಡೀ ಹಡಗಿಗೆ ಒಂದೇ ಉಂಡೆಯ ದಾರ ಸುತ್ತಿದ್ದರೆ ಅದನ್ನು ಅವಸರದಲ್ಲಿ ಮುಗಿಸಿದ್ದಾರೆ ಎಂದೇ ತಿಳಿಯಿರಿ.

ಇನ್ನೊಂದು ಪರೀಕ್ಷೆಗೆ ಒಂದು ಸ್ಕೇಲ್ ಸಾಕು. ಒಡಲಿನ ಅಂಚಿನಿಂದ ಕಂಬದ ತುದಿಗೆ ಏರುವ ಹಗ್ಗಗಳ ನಡುವೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಹಗ್ಗ ಕಟ್ಟಿರುತ್ತಾರೆ. ನಾವಿಕ ಕಾಲಿಟ್ಟು ಹತ್ತುತ್ತಿದ್ದುದು ಅದರ ಮೇಲೆ. ನಿಜದಲ್ಲಿ ಮೆಟ್ಟಿಲಿಂದ ಮೆಟ್ಟಿಲಿಗೆ ಸುಮಾರು 35ರಿಂದ 38 ಸೆಂ.ಮೀ., ಅಂದರೆ 1:100ರ ಮಾದರಿಯಲ್ಲಿ 4 ಮಿ.ಮೀ.ಗಿಂತ ತುಸು ಕಡಿಮೆ. ಅಲ್ಲಿ ಒಂದು ಸೆಂ.ಮೀ. ಅಂತರ ಕಂಡರೆ ಆ ಹಡಗಿನ ನಾವಿಕ ಹೆಜ್ಜೆಗೊಂದು ಮೀಟರ್ ಏರಬೇಕು! ಮೆಟ್ಟಿಲು ಕಟ್ಟಿರುವ ಬಗೆಯನ್ನೂ ಹತ್ತಿರದಿಂದ ನೋಡಿ. ಪ್ರತಿ ಕೂಡಿನಲ್ಲಿ ದಾರ ಎರಡು ಸುತ್ತು ಬಂದು ತನ್ನ ಅಡಿಯಲ್ಲೇ ನುಸುಳಿ ಗಂಟಾಗಿರಬೇಕು. ಬರೀ ಅಂಟಿನ ಚುಕ್ಕೆ ಇಟ್ಟಿದ್ದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದೊಂದೇ ಬಿಟ್ಟುಕೊಳ್ಳುತ್ತವೆ.

ಬಾವುಟದ ವಿಷಯದಲ್ಲಿ ಬಹಳ ಮಂದಿ ತಪ್ಪುತ್ತಾರೆ. ಹಾಯಿ ಕಟ್ಟಿದ ಅಡ್ಡಮರಗಳು ಒಡಲಿಗೆ ನೇರ ಅಡ್ಡವಾಗಿದ್ದು ಹಾಯಿಗಳು ಮುಂದಕ್ಕೆ ಉಬ್ಬಿವೆ ಎಂದರೆ ಗಾಳಿ ಹಿಂದಿನಿಂದ ಬೀಸುತ್ತಿದೆ. ಆಗ ಬಾವುಟವೂ ಮುಂದಕ್ಕೇ ಹಾರಬೇಕು. ಕಾರಿನ ಬಾವುಟದಂತೆ ಹಿಂದಕ್ಕೆ ಹಾರುತ್ತಿದ್ದರೆ ಒಂದೇ ಹಡಗಿಗೆ ಎರಡು ಗಾಳಿ ಬೀಸಿದ ಹಾಗಾಯಿತು. ಇದನ್ನು ಸರಿಪಡಿಸುವುದು ಸುಲಭ: ಬಾವುಟ ಬಿಚ್ಚಿ, ತಿರುಗಿಸಿ, ಮತ್ತೆ ಕಟ್ಟಿದರಾಯಿತು.

ಹೆಸರಿರುವ ಹಡಗಾದರೆ ತಳದ ಬಣ್ಣವನ್ನೂ ಗಮನಿಸಿ. ಸ್ಟಾಕ್‌ಹೋಮ್‌ನಲ್ಲಿರುವ ವಾಸಾ 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿದ ಹಡಗು, ಮೇಲೆತ್ತಿದ್ದು 1961ರಲ್ಲಿ. ತಳಕ್ಕೆ ತಾಮ್ರದ ತಗಡು ಹೊಡೆಯುವ ಪದ್ಧತಿ ಬಂದದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ. ಆದ್ದರಿಂದ ತಾಮ್ರದ ತಳದ ವಾಸಾ ತಪ್ಪು ಮಾದರಿ. 1805ರ ಟ್ರಫಾಲ್ಗರ್ ಕದನದಲ್ಲಿದ್ದ ಬ್ರಿಟಿಷ್ ಯುದ್ಧನೌಕೆ ವಿಕ್ಟರಿಗೆ ಅದೇ ತಾಮ್ರ ಸರಿ. 1869ರ ಬ್ರಿಟಿಷ್ ವ್ಯಾಪಾರಿ ಹಡಗು ಕಟಿ ಸಾರ್ಕ್‌ನ ತಳಕ್ಕೆ ಹೊಡೆದದ್ದು ತಾಮ್ರ–ಸತುವಿನ ಮಿಶ್ರಲೋಹ, ಅದು ಹಿತ್ತಾಳೆಯ ಬಣ್ಣಕ್ಕೆ ಹತ್ತಿರ.

ಕೊಳ್ಳುವ ಮುನ್ನ ಜಾಗ ಅಳೆಯಿರಿ. ವಿವರದಲ್ಲಿ ಕೊಡುವ ಉದ್ದದಲ್ಲಿ ಮೂತಿಯಿಂದ ಮುಂದಕ್ಕೆ ಚಾಚಿದ ಕಂಬವೂ ಸೇರಿರುತ್ತದೆಯೇ ಎಂದು ಕೇಳಿ. ಮೊದಲು ಮುರಿಯುವುದು ಅದೇ. ಅಗಲಕ್ಕೆ ಒಡಲನ್ನಲ್ಲ, ಅತಿ ಉದ್ದದ ಅಡ್ಡಮರವನ್ನು ಲೆಕ್ಕಕ್ಕೆ ಹಿಡಿಯಿರಿ. ಸುತ್ತಲೂ 5 ಸೆಂ.ಮೀ. ಬಿಡಿ. ನೀರಿನ ಗೆರೆ ಕುಳಿತವರ ಕಣ್ಣಿನ ಮಟ್ಟಕ್ಕೆ ಬಂದರೆ ಹಡಗು ಹಡಗಿನಂತೆ ಕಾಣುತ್ತದೆ. ಬೀರುವಿನ ತಲೆಯ ಮೇಲಿಟ್ಟರೆ ಕಾಣುವುದು ಹೊಟ್ಟೆ ಮಾತ್ರ.

ದೂಳು, ಗಾಳಿ, ಸೀಸ

ಹತ್ತಿಯ ದಾರ ತೇವ ಹೀರಿದಾಗ ಉಬ್ಬಿ ಗಿಡ್ಡವಾಗುತ್ತದೆ, ಒಣಗಿದಾಗ ಸಡಿಲುತ್ತದೆ. ಹಾಗಾಗಿ ಎಸಿಯ ಗಾಳಿ ನೇರ ಬೀಳುವಲ್ಲಿ, ಬಿಸಿಲು ಬರುವ ಕಿಟಕಿಯ ಬಳಿ, ಅಡುಗೆಮನೆಯ ಎಣ್ಣೆ ಹೊಗೆ ಮುಟ್ಟುವಲ್ಲಿ ಹಡಗು ಇಡಬೇಡಿ. ಬಿಸಿಲು ಹಾಯಿಯ ಬಟ್ಟೆಯ ಬಣ್ಣವನ್ನೂ ದಾರದ ಬಲವನ್ನೂ ತಿನ್ನುತ್ತದೆ. ಎಣ್ಣೆ ಹೊಗೆ ಕೂತ ದೂಳು ಆಮೇಲೆ ಬ್ರಷ್‌ಗೆ ಬಗ್ಗುವುದಿಲ್ಲ.

ತೆರೆದಿಟ್ಟ ಹಡಗಿಗೆ ತಿಂಗಳಿಗೊಮ್ಮೆ ಮೆದು ಕೂದಲಿನ ಒಣ ಬ್ರಷ್ ಸಾಕು. ಮುಖಕ್ಕೆ ಪೌಡರ್ ಹಚ್ಚುವ ಬ್ರಷ್ ಚೆನ್ನಾಗಿ ಆಗುತ್ತದೆ. ಕಂಬದ ತುದಿಯಿಂದ ಕೆಳಕ್ಕೆ, ದಾರದ ಉದ್ದಕ್ಕೆ ಎಳೆಯಿರಿ. ಅಡ್ಡ ಎಳೆದರೆ ಗಂಟು ಕೀಳುತ್ತದೆ. ವ್ಯಾಕ್ಯೂಮ್ ಬಳಸುವುದಾದರೆ ಮೂತಿಗೆ ತೆಳು ಬಟ್ಟೆ ಕಟ್ಟಿ, ಎಲ್ಲಕ್ಕಿಂತ ಕಡಿಮೆ ಸೆಳೆತದಲ್ಲಿಟ್ಟು, ಹಡಗಿಗೆ ತಾಗಿಸದೆ ಬ್ರಷ್ ಎಬ್ಬಿಸಿದ ದೂಳನ್ನಷ್ಟೇ ಹಿಡಿಯಿರಿ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿ ಬೇಡ. ಅದು ದೂಳನ್ನು ಗಂಟುಗಳೊಳಗೆ ತುರುಕುತ್ತದೆ.

ಪೆಟ್ಟಿಗೆಯೊಳಗೆ ಇಡುವುದೇ ಒಳ್ಳೆಯದು, ಆದರೆ ಗಾಳಿಯಾಡದ ಪೆಟ್ಟಿಗೆ ಅಪಾಯ. ಹಳೆಯ ಮಾದರಿಗಳಲ್ಲಿ ಫಿರಂಗಿ, ಲಂಗರು, ಮೂತಿಯ ಗೊಂಬೆಗಳನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದರು. ಮರದಿಂದ, ಅದರಲ್ಲೂ ಓಕ್ ಮರದಿಂದ, ಹೊರಬರುವ ಅಸಿಟಿಕ್ ಆಮ್ಲದ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಸೇರಿಕೊಂಡು ಸೀಸವನ್ನು ಬಿಳಿ ಪುಡಿ ಮಾಡುತ್ತದೆ. ಬೂದು ಲೋಹದ ಮೇಲೆ ಬಿಳಿ ಬೂಷ್ಟಿನಂಥದ್ದು ಕಂಡರೆ ಊದಬೇಡಿ, ಬರಿಗೈಯಲ್ಲಿ ಒರೆಸಬೇಡಿ. ಅದು ವಿಷ. ಕೈಗವಸು ಹಾಕಿ, ಒದ್ದೆ ಹತ್ತಿಯಿಂದ ಎತ್ತಿ, ಹತ್ತಿಯನ್ನು ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ. ಪೆಟ್ಟಿಗೆಯ ಎದುರುಬದುರು ಬದಿಗಳಲ್ಲಿ 6ರಿಂದ 8 ಮಿ.ಮೀ. ತೂತು ಕೊರೆದು, ಹುಳ ನುಗ್ಗದಂತೆ ನಯವಾದ ಜಾಲರಿ ಅಂಟಿಸಿ. ಅಕ್ರಿಲಿಕ್ ಪೆಟ್ಟಿಗೆಯಾದರೆ ಒಣ ಬಟ್ಟೆಯಿಂದ ಉಜ್ಜಬೇಡಿ. ಸ್ಥಾಯೀ ವಿದ್ಯುತ್ ಹುಟ್ಟಿ ದೂಳನ್ನು ಇನ್ನಷ್ಟು ಕರೆಯುತ್ತದೆ. ಗಾಜು ಒರೆಸುವ ಅಮೋನಿಯಾ ದ್ರವ ಬಿದ್ದರೆ ಸಣ್ಣ ಬಿರುಕು ಮೂಡುತ್ತದೆ.

ಸಡಿಲಾದದ್ದು, ಮುರಿದದ್ದು

ಒಂದು ದಾರ ಜೋತುಬಿದ್ದರೆ ಕತ್ತರಿಸುವ ಅವಸರ ಬೇಡ. ಮರಗೆಲಸದ ಬಿಳಿ ಅಂಟು ಒಂದು ಪಾಲು, ನೀರು ನಾಲ್ಕು ಪಾಲು ಕಲಸಿ, ಸಣ್ಣ ಬ್ರಷ್‌ನಲ್ಲಿ ದಾರಕ್ಕೆ ಸವರಿ, ನೆಟ್ಟಗೆ ಹಿಡಿದು ಒಣಗಲು ಬಿಡಿ. ಸ್ವಲ್ಪ ಸಡಿಲವಾಗಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ. ಹೊಸ ದಾರ ಹಾಕಲೇಬೇಕಾದರೆ ಪಾಲಿಯೆಸ್ಟರ್ ಅಥವಾ ಲಿನನ್ ಆರಿಸಿ, ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆದು ನಯ ಮಾಡಿ. ಹೆಚ್ಚಿನವರು ಎಡವುವುದು ಬಿಗಿಯುವಾಗ: ಕಂಬದ ಹಿಂದಿನ ದಾರವನ್ನು ಬಿಗಿದರೆ ಕಂಬ ಹಿಂದಕ್ಕೆ ಬಾಗಿ ಅದರ ಮುಂದಿನ ದಾರವೂ ಎಳೆದುಕೊಳ್ಳುತ್ತದೆ, ಪಕ್ಕದ ಕಂಬದ ದಾರ ಸಡಿಲಾಗುತ್ತದೆ. ಅದನ್ನು ಬಿಗಿಯಹೋದರೆ ಮತ್ತೊಂದು ಸಡಿಲು. ಕಂಬ ನೆಟ್ಟಗಾಗುವಷ್ಟು ಮಾತ್ರ ಎಳೆಯಿರಿ.

ಮುರಿದ ಅಡ್ಡಮರಕ್ಕೆ ಬರೀ ಅಂಟು ನಿಲ್ಲುವುದಿಲ್ಲ. ಎರಡೂ ತುಂಡುಗಳ ಹಳೆಯ ಅಂಟು ಕೆರೆದು, ತುದಿಗೆ 5 ಮಿ.ಮೀ. ಆಳಕ್ಕೆ ತೆಳು ತೂತು ಕೊರೆದು, 0.8 ಮಿ.ಮೀ.ನ ಹಿತ್ತಾಳೆ ತಂತಿ ಒಳಗಿಟ್ಟು ಬಿಳಿ ಅಂಟಿನಲ್ಲಿ ಕೂಡಿಸಿ, ರಾತ್ರಿಯಿಡೀ ಬಿಡಿ. ಸೂಪರ್ ಗ್ಲೂ ಬೇಗ ಹಿಡಿಯುತ್ತದೆ ನಿಜ, ಆದರೆ ಅದರ ಆವಿ ಕಡು ಮರದ ಮೇಲೆ ಬಿಳಿ ಮಬ್ಬು ಬಿಡುತ್ತದೆ.

ಜೊತೆಗೆ ಕೊಡುವ ಹಿತ್ತಾಳೆ ಉಡುಗೊರೆಗಳು

ದಿಕ್ಸೂಚಿ, ದುರ್ಬೀನು, ಸೆಕ್ಸ್ಟೆಂಟ್ (ಸೂರ್ಯ, ನಕ್ಷತ್ರಗಳ ಎತ್ತರದ ಕೋನ ಅಳೆಯುವ ನಾವಿಕರ ಉಪಕರಣ), ಗಂಟೆ ಯಾವುದೇ ಇರಲಿ, ಮೇಲೆ ಲ್ಯಾಕರ್ ಲೇಪ ಇದೆಯೇ ಎಂದು ಕೇಳಿ. ಲೇಪ ಇದ್ದರೆ ಪಾಲಿಶ್ ಹಾಕಲೇಬಾರದು. ಲೇಪ ಸವೆದ ಜಾಗ ಮಾತ್ರ ಕಪ್ಪಾಗಿ ಮಚ್ಚೆ ಬೀಳುತ್ತದೆ. ದಿಕ್ಸೂಚಿಯನ್ನು ಸ್ಪೀಕರ್, ಫೋನ್‌ನಿಂದ ದೂರವಿಡಿ. ಅಲಂಕಾರದ ದುರ್ಬೀನಿನಲ್ಲಾಗಲಿ ಸೆಕ್ಸ್ಟೆಂಟಿನಲ್ಲಾಗಲಿ ಸೂರ್ಯನನ್ನು ನೋಡಬೇಡಿ. ಸೆಕ್ಸ್ಟೆಂಟಿನ ಬಣ್ಣದ ಗಾಜುಗಳು ಕಣ್ಣು ಕಾಯುತ್ತವೆಂಬ ಭರವಸೆ ಇಲ್ಲ.

ವಾಯುಭಾರಮಾಪಕ ಕೊಡುವುದಾದರೆ ಪಡೆಯುವವರ ಊರು ಎಷ್ಟು ಎತ್ತರದಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ. ಸಮುದ್ರಮಟ್ಟದ ಹತ್ತಿರ ಪ್ರತಿ 8 ಮೀಟರ್ ಏರಿದರೆ ಒತ್ತಡ ಸುಮಾರು 1 ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. 900 ಮೀಟರ್ ಎತ್ತರದಲ್ಲಿ ಅದು 910ರ ಆಸುಪಾಸು. ಮುಖಫಲಕ 960ರಿಂದ ಶುರುವಾದರೆ ಮುಳ್ಳು ತಳಕ್ಕೆ ಅಂಟಿ ನಿಲ್ಲುತ್ತದೆ. ಹಿಂದಿನ ಸಣ್ಣ ತಿರುಪನ್ನು ನಿಧಾನವಾಗಿ ತಿರುಗಿಸಿ ಹವಾಮಾನ ವರದಿಯ ಸಮುದ್ರಮಟ್ಟದ ಅಂಕಿಗೆ ಕೂರಿಸಬೇಕು. ತಿರುಪು ಬಿಗಿಯಾಗಿ ನಿಂತರೆ ಒತ್ತಾಯ ಬೇಡ, ಒಳಗಿನ ಸ್ಪ್ರಿಂಗ್ ಕೆಡುತ್ತದೆ.

ಹಡಗನ್ನೇ ಉಡುಗೊರೆಯಾಗಿ ಕಳಿಸುವಾಗ ಪೀಠವನ್ನು ಒಂದು ಹಲಗೆಗೆ ಸ್ಕ್ರೂ ಹಾಕಿ ಬಿಗಿಯಿರಿ, ಹಲಗೆಯನ್ನು ರಟ್ಟಿನ ಪೆಟ್ಟಿಗೆಯ ತಳಕ್ಕೆ. ಕಂಬ, ದಾರಗಳಿಗೆ ಏನನ್ನೂ ಸುತ್ತಬೇಡಿ, ಸುತ್ತಿದ್ದನ್ನು ಬಿಚ್ಚುವಾಗಲೇ ಹರಿಯುತ್ತದೆ. ಮೂತಿಯ ಕಂಬದ ಮುಂದೆ ನಾಲ್ಕು ಬೆರಳು ಖಾಲಿ ಇರಲಿ. ಎತ್ತುವಾಗ ಪೀಠ ಹಿಡಿದು ಎತ್ತಬೇಕು ಎಂದು ಒಳಗೊಂದು ಚೀಟಿ ಇಡಿ.