ಯುದ್ಧದ ಮುಂಗಾರಿನಲ್ಲಿ ಮನೆಯ ಲೆಕ್ಕ

1999ರ ಮೇ ತಿಂಗಳಲ್ಲಿ ಕಾರ್ಗಿಲ್ ಯುದ್ಧದ ಸುದ್ದಿ ಬಂದಾಗ ನಮ್ಮ ಯಜಮಾನರು ಗಡಿಯಲ್ಲಿದ್ದರು; ಹಾಸನದ ಸಮೀಪದ ನಮ್ಮ ಹಳ್ಳಿಯಲ್ಲಿ ಅದು ಆಲೂಗಡ್ಡೆ ಬಿತ್ತನೆಯ ಕಾಲ. ಸಂಬಳವು ಇಬ್ಬರಲ್ಲಿ ಯಾರಾದರೊಬ್ಬರು ವ್ಯವಹರಿಸಬಹುದಾದ ಜಂಟಿ ಖಾತೆಗೆ ಬರುತ್ತಿದ್ದುದರಿಂದ ಹಣ ತೆಗೆಯಲು ನನ್ನೊಬ್ಬಳ ಸಹಿ ಸಾಕಾಗುತ್ತಿತ್ತು. ರಜೆಗೆ ಬಂದಾಗ ಅವರು ಮಾಡಿಸಿಟ್ಟಿದ್ದ ಆ ಏರ್ಪಾಡೇ ನಮ್ಮನ್ನು ಕಾಪಾಡಿತು. ಬಿತ್ತನೆ ಗಡ್ಡೆಗೆ, ಗೊಬ್ಬರಕ್ಕೆ, ಆಳುಗಳ ಕೂಲಿಗೆ ಒಮ್ಮೆಲೇ ಹಣ ಸುರಿಯಬೇಕು, ಫಸಲು ಮಾತ್ರ ಸುಮಾರು ಮೂರು ತಿಂಗಳ ನಂತರ ಕೈಗೆ ಬರುತ್ತದೆ. ಆದ್ದರಿಂದ ಅರ್ಧ ಹೊಲಕ್ಕೆ ರಾಗಿ ಹಾಕಿಸಿ, ಉಳಿದ ಹಣವನ್ನು ಮಕ್ಕಳ ಶಾಲೆಗೂ ಅತ್ತೆಯವರ ಔಷಧಿಗೂ ಮೀಸಲಿಟ್ಟೆ. ಮಾವನವರು ಒಪ್ಪಲಿಲ್ಲ; ಆದರೂ ಆ ನಿರ್ಧಾರ ಸರಿಯೆಂದೇ ಇಂದಿಗೂ ನಂಬುತ್ತೇನೆ. 56 ಎಪಿಒ ಎಂಬ ಸೇನಾ ಅಂಚೆ ಕಚೇರಿಯ ವಿಳಾಸಕ್ಕೆ ಕಳಿಸುತ್ತಿದ್ದ ಇನ್‌ಲ್ಯಾಂಡ್ ಪತ್ರಗಳಲ್ಲಿ ಮಳೆ, ಬೆಳೆ, ಹಸು ಕರು ಹಾಕಿದ್ದು ಎಲ್ಲವನ್ನೂ ಬರೆಯುತ್ತಿದ್ದೆ. ಶತ್ರುವಿನ ಎದುರು ನಿಂತವರಿಗೆ ಸಾಲದ ಚಿಂತೆಯನ್ನು ಹೊರಿಸಲು ಮಾತ್ರ ಮನಸ್ಸಾಗಲಿಲ್ಲ.