ರಬ್ಬಿಯವರ ಸಂದರ್ಶನ: ನಾಲ್ಕನೆಯ ಭೇಟಿಯವರೆಗಿನ ದಾಖಲೆ

ಯಹೂದಿ ಧರ್ಮವನ್ನೂ ಯಹೂದಿಗಳ ದಿನನಿತ್ಯದ ಆಚರಣೆಯನ್ನೂ ಕನ್ನಡದಲ್ಲಿ ಪರಿಚಯಿಸುವ ಸಂದರ್ಶನ ಮಾಲೆಯೊಂದನ್ನು ಸಿದ್ಧಪಡಿಸಬೇಕೆಂದು, ನ್ಯೂಜೆರ್ಸಿಯಲ್ಲಿ ನಮ್ಮ ಮನೆಗೆ ಹತ್ತಿರವಿರುವ ಸಿನಗಾಗಿನ, ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರದ, ರಬ್ಬಿಯವರನ್ನು ಭೇಟಿಯಾಗತೊಡಗಿ ಮೂರು ತಿಂಗಳಾಯಿತು. ಅವರು ಸಂಪ್ರದಾಯನಿಷ್ಠರಾದ ಆರ್ಥೊಡಾಕ್ಸ್ ಪಂಥದವರು. ರಿಫಾರ್ಮ್, ಕನ್ಸರ್ವೇಟಿವ್ ಪಂಥಗಳ ರಬ್ಬಿಗಳನ್ನು ಕೇಳಿದ್ದರೆ ಕೆಲವು ಉತ್ತರಗಳು ಬೇರೆಯಾಗುತ್ತಿದ್ದವು ಎಂಬುದನ್ನು ಓದುಗರು ಮೊದಲೇ ಗಮನದಲ್ಲಿಟ್ಟುಕೊಳ್ಳಬೇಕು.

ಮೊದಲ ಭೇಟಿ

ದೇವರು, ಆತ್ಮ, ಮರಣಾನಂತರದ ಸ್ಥಿತಿ ಎಂದು ಇಪ್ಪತ್ತೆರಡು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ. ರಬ್ಬಿಯವರು ಅವನ್ನೆಲ್ಲ ಸಮಾಧಾನದಿಂದ ಓದಿ, ಮೊದಲು ತಮ್ಮ ಕೆಲಸ ಏನೆಂಬುದನ್ನೇ ತಿಳಿಸಿಕೊಟ್ಟರು. ರಬ್ಬಿ ಎಂದರೆ 'ನನ್ನ ಗುರು' ಎಂದರ್ಥ, ಅರ್ಚಕ ಎಂದಲ್ಲ. ಮೋಶೆಯ ಅಣ್ಣ ಆರನನ ವಂಶದ ಪುರೋಹಿತರು ಬಲಿ ಅರ್ಪಿಸುತ್ತಿದ್ದ ಜೆರುಸಲೇಮಿನ ದೇವಾಲಯವನ್ನು ರೋಮನ್ನರು ಕ್ರಿ.ಶ. 70ರಲ್ಲಿ ನಾಶಮಾಡಿದ ಮೇಲೆ ಆ ಸೇವೆ ನಿಂತುಹೋಯಿತು. ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ವಯಸ್ಕರು ಸೇರಬೇಕು, ಈ ಪಂಥದಲ್ಲಿ ಹತ್ತು ಜನ ಗಂಡಸರು. ರಬ್ಬಿ ಇರಲೇಬೇಕೆಂಬ ನಿಯಮವಿಲ್ಲ. ಹಾಲನ್ನೂ ಮಾಂಸವನ್ನೂ ಬೆರೆಸುವಂತಿಲ್ಲವಾದ್ದರಿಂದ, ಹಾಲಿನ ಅಡುಗೆಯ ಚಮಚ ಮಾಂಸದ ಪಾತ್ರೆಗೆ ಬಿದ್ದರೆ ಏನು ಮಾಡಬೇಕೆಂಬಂತಹ ಸಂದೇಹಗಳನ್ನು ಜನರು ಅವರ ಮುಂದೆ ತರುತ್ತಾರೆ, ಅವರು ಶಾಸ್ತ್ರ ನೋಡಿ ಹೇಳುತ್ತಾರೆ. ನಮ್ಮ ಕಡೆ ಧರ್ಮಸಂದೇಹ ಬಂದಾಗ ಊರಿನ ಶಾಸ್ತ್ರಿಗಳ ಬಳಿ ಹೋಗುವ ಪದ್ಧತಿ ನೆನಪಾಯಿತು. ಕರಡಿನಲ್ಲಿ 'ಯಹೂದಿ ಪುರೋಹಿತರು' ಎಂದು ಬರೆದಿದ್ದ ಕಡೆಯಲ್ಲೆಲ್ಲ ತಿದ್ದಿದ್ದೇನೆ.

ಎರಡನೆಯ ಭೇಟಿ

ಇದು ಇದುವರೆಗಿನ ಭೇಟಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ರಬ್ಬಿಯವರು ಪವಿತ್ರ ಮಂಟಪದ ತೆರೆ ಸರಿಸಿ, ಮಖಮಲ್ಲಿನ ಹೊದಿಕೆ ತೆಗೆದು, ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿದರು. ಹದಮಾಡಿದ ಚರ್ಮದ ಹಾಳೆಗಳನ್ನು ಪ್ರಾಣಿಯ ಸ್ನಾಯುವಿನ ನಾರಿನಿಂದಲೇ ಹೊಲಿದು ಜೋಡಿಸಲಾಗಿದೆ. ಅದರಲ್ಲಿರುವ 3,04,805 ಅಕ್ಷರಗಳನ್ನೂ ಲಿಪಿಕಾರರು ಗರಿಯ ಲೇಖನಿಯಿಂದ ಕೈಯಲ್ಲಿಯೇ ಬರೆದಿದ್ದಾರೆ. ಒಂದು ಅಕ್ಷರ ಅಳಿಸಿಹೋದರೂ ಅದನ್ನು ತಿದ್ದುವವರೆಗೆ ಆ ಸುರುಳಿಯಿಂದ ಓದುವಂತಿಲ್ಲ. ಚರ್ಮವನ್ನು ಬೆರಳಿನಿಂದ ಮುಟ್ಟಬಾರದಾದ್ದರಿಂದ, ತುದಿಯಲ್ಲಿ ಪುಟ್ಟ ಕೈಯೊಂದು ತೋರುಬೆರಳು ಚಾಚಿರುವ ಬೆಳ್ಳಿಯ ಕಡ್ಡಿಯನ್ನು ಸಾಲಿನ ಮೇಲೆ ಮೆಲ್ಲಗೆ ಸರಿಸುತ್ತಾ ಅವರು ನಾಲ್ಕು ಸಾಲು ಓದಿ ತೋರಿಸಿದರು.

ಆ ಸಾಲುಗಳಲ್ಲಿ ಸ್ವರಚಿಹ್ನೆಗಳೇ ಇಲ್ಲ. ಕನ್ನಡದಲ್ಲಿ ಕಾಗುಣಿತವನ್ನು ಪೂರ್ತಿ ತೆಗೆದು ಬರಿಯ ವ್ಯಂಜನಗಳನ್ನು ಉಳಿಸಿದರೆ ಓದುವುದು ಎಷ್ಟು ಕಷ್ಟವಾದೀತೆಂದು ಊಹಿಸಿಕೊಂಡರೆ ಇದು ಅರ್ಥವಾಗುತ್ತದೆ. ವಾಕ್ಯ ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಯಾವ ಧಾಟಿಯಲ್ಲಿ ಎಳೆಯಬೇಕು ಎಂಬುದಕ್ಕೂ ಗುರುತುಗಳಿಲ್ಲ. ಅಚ್ಚಾದ ಪುಸ್ತಕದಲ್ಲಿ ಆ ಗುರುತುಗಳನ್ನು ನೋಡಿ ವಾರವಿಡೀ ಅಭ್ಯಾಸ ಮಾಡಿಕೊಂಡು ಬಂದವರು ಮಾತ್ರ ಶನಿವಾರ ಸುರುಳಿಯ ಮುಂದೆ ನಿಲ್ಲುತ್ತಾರೆ. ಅರ್ಥ ಕೆಡುವಂತೆ ತಪ್ಪಿದರೆ ಕೇಳುತ್ತಿರುವವರೇ ಗಟ್ಟಿಯಾಗಿ ತಿದ್ದುತ್ತಾರೆ. ವೇದಪಾಠದಲ್ಲಿ ಸ್ವರ ತಪ್ಪಿದವರನ್ನು ನನ್ನ ಅಜ್ಜ ಕೂತಲ್ಲಿಂದಲೇ ತಿದ್ದುತ್ತಿದ್ದುದನ್ನು ನಾನು ಹೇಳಿದಾಗ, ರಬ್ಬಿಯವರು ಕಡ್ಡಿಯನ್ನು ಕೆಳಗಿಟ್ಟು, ಆ ಸ್ವರಗಳು ಹೇಗಿರುತ್ತವೆಂದು ಕೇಳಿದರು. ನನಗೆ ಬರುವ ಎರಡು ಮಂತ್ರಗಳನ್ನು ಹೇಳಿದೆ. ಆ ಭೇಟಿಯ ಧ್ವನಿಮುದ್ರಣವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.

ಮೂರನೆಯ ಭೇಟಿ

ಇದು ಶುಕ್ರವಾರ ಸಂಜೆ ಅವರ ಮನೆಯ ಊಟಕ್ಕೆ ಬಂದ ಆಹ್ವಾನ. ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು ರಬ್ಬಿಯವರ ಪತ್ನಿ ದೀಪ ಹಚ್ಚಿದರು. ಅಲ್ಲಿಂದ ಶನಿವಾರ ರಾತ್ರಿ ನಕ್ಷತ್ರಗಳು ಕಾಣಿಸುವವರೆಗೆ ಶಬ್ಬಾತ್, ವಾರದ ವಿಶ್ರಾಂತಿಯ ದಿನ. ನಿಷಿದ್ಧವಾದ 39 ಬಗೆಯ ಕೆಲಸಗಳಲ್ಲಿ ಬರೆಯುವುದೂ ಒಂದು. ಧ್ವನಿಮುದ್ರಣವನ್ನೂ ಅವರು ಒಪ್ಪುವಂತಿಲ್ಲವಾದ್ದರಿಂದ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ, ಮರಳಿ ಬಂದು ಮಧ್ಯರಾತ್ರಿಯವರೆಗೆ ನೆನಪಿನಿಂದ ಬರೆದೆ. ಮೇಜಿನ ಮೇಲೆ ಬಟ್ಟೆ ಮುಚ್ಚಿದ ಎರಡು ಹೆಣೆದ ಬ್ರೆಡ್ಡುಗಳಿದ್ದವು. ಮರುಭೂಮಿಯಲ್ಲಿ ಶುಕ್ರವಾರಗಳಂದು ಪೂರ್ವಿಕರಿಗೆ ದೇವರು ಕೊಟ್ಟ ಆಹಾರವಾದ ಮನ್ನಾ ಇಮ್ಮಡಿಯಾಗಿ ದೊರೆತದ್ದರ ನೆನಪಿಗೆ ಎರಡು. ತಂದೆ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸಿದರು. ಚಿಕ್ಕ ಮಗಳು ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

ಊಟದ ನಡುವೆ, ಮರಣಾನಂತರದ ಬಗ್ಗೆ ಯಹೂದಿ ಧರ್ಮ ಏನು ಹೇಳುತ್ತದೆಂಬ ನನ್ನ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದೆ. ಅವರು ಮೂರು ಅಭಿಪ್ರಾಯಗಳನ್ನು ಹೇಳಿ, ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಪ್ರಾಚೀನ ಗುರುಗಳ ಶಿಷ್ಯಪರಂಪರೆಗಳ ಪ್ರಸಂಗವನ್ನು ವಿವರಿಸಿದರು. ಈ ಎರಡು ಪರಂಪರೆಗಳು ಮೂರು ವರ್ಷ ವಾದಿಸಿದ ಮೇಲೆ, ಎರಡೂ ಜೀವಂತ ದೇವರ ಮಾತುಗಳೇ, ಆದರೆ ಆಚರಣೆಗೆ ಹಿಲ್ಲೆಲರ ಮತ ಎಂದು ಆಕಾಶವಾಣಿ ಆಯಿತೆನ್ನುತ್ತದೆ ರಬ್ಬಿಗಳ ಶಾಸ್ತ್ರಚರ್ಚೆಗಳ ಗ್ರಂಥವಾದ ತಾಲ್ಮುದ್. ಕಾರಣ, ಅವರು ವಿನಯಶಾಲಿಗಳು, ಎದುರು ಪಕ್ಷದ ಮತವನ್ನು ಮೊದಲು ಪಾಠ ಹೇಳಿ ಆಮೇಲೆ ತಮ್ಮದನ್ನು ಹೇಳುತ್ತಿದ್ದರು. ಸೋತ ಮತವನ್ನೂ ಅಳಿಸದೆ ಉಳಿಸಿಕೊಂಡು ಇಂದಿಗೂ ಪಾಠ ಹೇಳುವ ಈ ಪದ್ಧತಿ ನನ್ನ ಮಾಲೆಯ ರೂಪವನ್ನೇ ಬದಲಿಸಿದೆ. 'ಯಹೂದಿಗಳ ನಂಬಿಕೆ ಹೀಗಿದೆ' ಎಂಬ ವಾಕ್ಯಗಳನ್ನು ಕೈಬಿಟ್ಟು, ಯಾರು, ಯಾವ ಸಂದರ್ಭದಲ್ಲಿ, ಏನು ಮಾಡುತ್ತಾರೆ ಎಂದು ಕೇಳುವಂತೆ ಪ್ರಶ್ನೆಗಳನ್ನು ಹೊಸದಾಗಿ ಬರೆದಿದ್ದೇನೆ.

ನಾಲ್ಕನೆಯ ಭೇಟಿ

ಪಂಚಾಂಗದ ಮಾತು ಬಂದಿತು. ಯಹೂದಿಗಳದ್ದೂ ಚಾಂದ್ರ ತಿಂಗಳುಗಳನ್ನು ಸೌರ ವರ್ಷಕ್ಕೆ ಹೊಂದಿಸುವ ಪಂಚಾಂಗವೇ. 19 ವರ್ಷಗಳಲ್ಲಿ ಏಳು ಬಾರಿ ಅಧಿಕ ಮಾಸ ಸೇರುತ್ತದೆ. ನಮ್ಮಲ್ಲಿ ಸಂಕ್ರಮಣವಿಲ್ಲದ ಮಾಸ ಯಾವುದೋ ಅದು ಅಧಿಕವಾಗುತ್ತದೆ. ಅವರಲ್ಲಿ ಪಾಸ್‌ಓವರ್ ಹಬ್ಬ ವಸಂತದಲ್ಲೇ ಬರಬೇಕಾದ್ದರಿಂದ ಯಾವಾಗಲೂ ಅದಾರ್ ಮಾಸವೇ ಎರಡಾಗುತ್ತದೆ. 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂದಿತ್ತು, ಮರುವರ್ಷ ಅವರಿಗೆ ಎರಡು ಅದಾರ್. ಎರಡು ಪಂಚಾಂಗಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದು ಗಂಟೆ ಕುಳಿತಿದ್ದೆವು.

ಹೊರಡುವಾಗ, ನಿಮ್ಮ ನಾಡಿಗೂ ಯಹೂದಿಗಳಿಗೂ ಏನಾದರೂ ಸಂಬಂಧವಿದೆಯೇ ಎಂದು ಅವರು ಕೇಳಿದರು. ಮುಂಬಯಿಯ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿ, ಬಿಡುಗಡೆಯಾದ ಮೇಲೆ 1796ರಲ್ಲಿ ಮುಂಬಯಿಯಲ್ಲಿ ಸಿನಗಾಗ್ ಕಟ್ಟಿಸಿದುದನ್ನು ತಿಳಿಸಿದೆ. ಸೆರೆಯಲ್ಲಿದ್ದವರು ಬನಿ ಇಸ್ರಾಯೀಲರೆಂದು (ಕುರಾನಿನಲ್ಲಿ ಇಸ್ರೇಲ್ ವಂಶದವರಿಗಿರುವ ಹೆಸರು) ತಿಳಿದು ಟಿಪ್ಪುವಿನ ತಾಯಿ ಪ್ರಾಣಭಿಕ್ಷೆ ಕೇಳಿದಳೆಂಬ ಕಥೆ ಆ ಸಮುದಾಯದಲ್ಲಿ ಪ್ರಚಲಿತವಾಗಿದೆ. ಅದನ್ನು ಕಥೆಯೆಂದೇ ಹೇಳಿದೆ. ರಬ್ಬಿಯವರು ದಿವೇಕರರ ಹೆಸರನ್ನು ನನ್ನಿಂದ ಬರೆಸಿಕೊಂಡರು.

ಐದನೆಯ ಭೇಟಿಗೆ ಒಂದೇ ವಿಷಯ ಇಟ್ಟುಕೊಂಡಿದ್ದೇನೆ: ಕದ್ದೀಷ್. ತಂದೆ ತಾಯಿ ತೀರಿಕೊಂಡಾಗ ಮಕ್ಕಳು ಹನ್ನೊಂದು ತಿಂಗಳು ಹೇಳುವ ಈ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಇರುವುದು ದೇವರ ಸ್ತುತಿ ಮಾತ್ರ. ಹತ್ತು ಜನ ಸೇರದಿದ್ದರೆ ಅದನ್ನು ಹೇಳುವಂತೆಯೂ ಇಲ್ಲ. ಕಳೆದ ವರ್ಷ ನನ್ನ ತಂದೆಯವರ ಮಾಸಿಕಗಳನ್ನು ಇಲ್ಲಿ ಒಬ್ಬನೇ ಕುಳಿತು ಮಾಡಿದವನು ನಾನು. ಆ ಹತ್ತು ಜನ ಪ್ರತಿದಿನ ಬೆಳಿಗ್ಗೆ ಹೇಗೆ ಸೇರುತ್ತಾರೆ, ಒಬ್ಬರು ಕಡಿಮೆಯಾದ ದಿನ ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂಬುದನ್ನು ವಿವರವಾಗಿ ಕೇಳಬೇಕಾಗಿದೆ.