ಸಂಗೊಳ್ಳಿಯಿಂದ ನಂದಗಡಕ್ಕೆ: ರಾಯಣ್ಣನ ಜಾಡಿನಲ್ಲಿ ಎರಡು ದಿನ

ಕಿತ್ತೂರಿನ ಕೋಟೆಯನ್ನು ನೋಡಿ ಬಂದವರು ಬಹಳ ಮಂದಿ ಸಿಗುತ್ತಾರೆ, ಅಲ್ಲಿಂದ ಮುಂದೆ ನಂದಗಡದವರೆಗೆ ಹೋದವರು ಅಪರೂಪ. ಕಳೆದ ಡಿಸೆಂಬರಿನಲ್ಲಿ ತಾಯಿಯವರೊಂದಿಗೆ ಆ ಸೀಮೆಯಲ್ಲಿ ಎರಡು ದಿನ ತಿರುಗಾಡಿದ ಮೇಲೆ, ಸಂಗೊಳ್ಳಿ ರಾಯಣ್ಣನನ್ನು ಅರಿಯಬೇಕೆನ್ನುವವರು ಕಿತ್ತೂರಿನಿಂದಲೇ ಹಿಂದಿರುಗಬಾರದು, ಸಾಧ್ಯವಾದರೆ ಕಿತ್ತೂರಿನಿಂದ ಆರಂಭಿಸಲೂ ಬಾರದು ಎಂಬುದು ನನಗೆ ಖಚಿತವಾಗಿದೆ. ನಾವು ಕಿತ್ತೂರಿಗೆ ಮೊದಲು ಹೋಗಿ ಆ ತಪ್ಪು ಮಾಡಿದೆವು. ಅವನ ಬದುಕು ಸಾಗಿದ ಕ್ರಮದಲ್ಲೇ ಊರುಗಳನ್ನು ನೋಡುವುದು ಒಳ್ಳೆಯದು.

ಬೆಂಗಳೂರಿನವರು ರಾಯಣ್ಣನ ಹೆಸರು ಹೊತ್ತ ನಿಲ್ದಾಣದಲ್ಲಿ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಧಾರವಾಡದಲ್ಲಿ ಇಳಿಯಬಹುದು. ಮೊದಲ ದಿನವನ್ನು ಬೈಲಹೊಂಗಲ ಮತ್ತು ಸಂಗೊಳ್ಳಿಗೆ ಮೀಸಲಿಡಿ. ವಾಸ್ತವ್ಯಕ್ಕೆ ಧಾರವಾಡವೇ ಅನುಕೂಲ.

ಮಲಪ್ರಭೆಯ ದಂಡೆಯ ಸಂಗೊಳ್ಳಿಯಲ್ಲಿ ರಾಯಣ್ಣ 1798ರ ಆಗಸ್ಟ್ 15ರಂದು ಹುಟ್ಟಿದನೆಂದು ಹೇಳುತ್ತಾರೆ. ಅವನು ಅರಸು ಮನೆತನದವನಲ್ಲ. ಊರ ಕಾವಲಿನ ಚಾಕರಿಗೆ ಪ್ರತಿಯಾಗಿ ಭೂಮಿ ಪಡೆದ ಶೇತಸನದಿ. ಕಿತ್ತೂರು ಸೋತ ಮೇಲೆ ಕಂಪನಿ ಸರಕಾರ ಇಂಥವರ ಜಮೀನುಗಳನ್ನು ಕಿತ್ತುಕೊಂಡಿತು, ಉಳಿದದ್ದಕ್ಕೆ ಭಾರಿ ಕಂದಾಯ ಹೇರಿತು. ಕಂಪನಿಯ ವಿರುದ್ಧ ದಂಗೆಯೆದ್ದ ರಾಯಣ್ಣನ ದಂಡಿಗೆ ಹಳ್ಳಿಗಳ ಸಾಮಾನ್ಯ ಜನರೇ ಬಂದು ಸೇರಿದ್ದೇಕೆ ಎಂಬುದು ಆ ಹೊಲಗಳ ನಡುವೆ ನಿಂತಾಗ ತಾನಾಗಿ ತಿಳಿಯುತ್ತದೆ. ಜನವರಿ 12 ಮತ್ತು 13ರಂದು ಇಲ್ಲಿ ಉತ್ಸವ ನಡೆಯುತ್ತದೆ. ಶಾಂತವಾಗಿ ನೋಡಬಯಸುವವರು ಆ ದಿನಗಳನ್ನು ಬಿಡುವುದು ಲೇಸು. ಬಸ್ಸನ್ನೇ ನಂಬಿದವರು ಹಿಂದಿರುಗುವ ವೇಳೆಯನ್ನು ಇಳಿದ ಕೂಡಲೇ ಕೇಳಿಕೊಳ್ಳಬೇಕು. ನಾವು ಸಂಜೆ ಒಂದು ತಾಸಿಗೂ ಹೆಚ್ಚು ಕಾದೆವು. ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡ ರಾಣಿ ಚೆನ್ನಮ್ಮನ ಸಮಾಧಿಯಿದೆ. ಅಲ್ಲಿನ ಖಾನಾವಳಿಯೊಂದರಲ್ಲಿ ತಿಂದ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿಗಳನ್ನು ತಾಯಿ ಇನ್ನೂ ನೆನೆಯುತ್ತಾರೆ.

ಎರಡನೆಯ ದಿನ ಬೇಗ ಹೊರಟು ಕಿತ್ತೂರನ್ನು ತಲುಪಬೇಕು. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ದೂರ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮೇಲೆ ದಂಡೆತ್ತಿ ಬಂದ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು ಈ ಕೋಟೆಯ ಮುಂದೆ. ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಬಿದ್ದಿತು, ರಾಯಣ್ಣನೂ ಸೆರೆಯಾಗಿ ನಂತರ ಬಿಡುಗಡೆ ಹೊಂದಿದನು. ಅರಮನೆಯ ದಪ್ಪ ಗೋಡೆಗಳೂ ಧ್ರುವನಕ್ಷತ್ರವನ್ನು ನೋಡಲು ಮಾಡಿದ್ದ ಕಿಂಡಿಯೂ ಉಳಿದಿವೆ. ವಸ್ತುಸಂಗ್ರಹಾಲಯ ತೆರೆದಿರುವ ದಿನವನ್ನು ಮೊದಲೇ ವಿಚಾರಿಸಿ ಹೋಗಿ. ಅಲ್ಲಿ ಎರಡು ತಾಸು ಸಾಕು.

ಸ್ವಂತ ವಾಹನವಿದ್ದವರು ಕಿತ್ತೂರಿನಿಂದ ಬೀಡಿ ಎಂಬ ಊರಿನ ಮೂಲಕ ನಂದಗಡಕ್ಕೆ ಹೋಗಬೇಕೆಂಬುದು ನನ್ನ ಸಲಹೆ. ಕಿತ್ತೂರು ಅರಸು ಮನೆತನದ ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೆ ತರಲು ಹೊರಟ ರಾಯಣ್ಣನ ಪಡೆ ಇದೇ ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಬಯಲು ಹಿಂದೆ ಸರಿದು ಕಾಡು ದಟ್ಟವಾಗುವುದನ್ನು ಕಂಡರೆ, ಬಂದೂಕು ತೋಪುಗಳಿದ್ದ ಸೈನ್ಯವನ್ನು ಒಬ್ಬ ಹಳ್ಳಿಗ ತಿಂಗಳುಗಟ್ಟಲೆ ಹೇಗೆ ಕಂಗೆಡಿಸಿದನೆಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಯುದ್ಧದಲ್ಲಿ ಅವನನ್ನು ಹಿಡಿಯಲಾಗಲಿಲ್ಲ. 1830ರಲ್ಲಿ ನಮ್ಮವರೇ ಹಿಡಿದುಕೊಟ್ಟರು. ಖಾನಾಪುರದ ಈ ಭಾಗದಲ್ಲಿ ಮಳೆ ಜೋರು, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಬೇಡ.

1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಸಮಾಧಿಯ ಬಳಿಯ ಆಲದ ಮರವನ್ನು ನೋಡಲು ಅವಸರವಿಲ್ಲದೆ ಬನ್ನಿ. ಮಕ್ಕಳಾಗಲೆಂದು ಹರಕೆ ಹೊತ್ತವರು ಅಲ್ಲಿ ಪುಟ್ಟ ಮರದ ತೊಟ್ಟಿಲುಗಳನ್ನು ಕಟ್ಟುತ್ತಾರೆ: ಕೆಲವು ಹೊಸ ಬಣ್ಣದವು, ಕೆಲವು ಬಿಸಿಲು ಮಳೆಗೆ ಬೂದುಗಟ್ಟಿದವು. ನಾವು ಹೋದಾಗ ಎಳೆಯ ದಂಪತಿಗಳಿಬ್ಬರು ತೊಟ್ಟಿಲು ಕಟ್ಟುತ್ತಿದ್ದರು. ಕೈಗೆ ಕೊಂಬೆ ಎಟುಕದೆ ಆ ಹುಡುಗಿ ತುದಿಗಾಲಲ್ಲಿ ನಿಂತಿದ್ದಳು, ಅತ್ತೆ ಅವಳ ಸೊಂಟವನ್ನು ಹಿಡಿದು, "ರಾಯಪ್ಪನ ಹಂಗ ಒಂದು ಗಂಡು ಕೊಡಪ್ಪಾ" ಎಂದು ಮರದ ಕಡೆಗೆ ಕೈಮುಗಿದರು. ನನ್ನ ತಾಯಿ ಹೋಗಿ ದಾರದ ಇನ್ನೊಂದು ತುದಿಯನ್ನು ಹಿಡಿದುಕೊಂಡರು.